ಡಿಸೆಂಬರ್ 3ರ ಊಟಕ್ಕೆ ಕೈಜೋಡಿಸಿದ ಎಲ್ಲರಿಗೂ

ವಿಶ್ವ ವಿಕಲಚೇತನರ ದಿನ ಅಂತ ಪ್ರತಿವರ್ಷ ಡಿಸೆಂಬರ್ 3ಕ್ಕೆ ಯಾರಾದರೂ ನಮ್ಮ ಶಾಲೆಗೆ ಬಂದು ಮಕ್ಕಳಿಗೆ ಸಿಹಿ ಹಂಚುತ್ತಾರೆ, ಊಟ ಹಾಕಿಸುತ್ತಾರೆ. ಅವರಿಗೆ ನಾವು ಯಾವತ್ತೂ ಋಣಿ. ಈ ಸಲ ಅವರೂ ಸಾಲಿನಲ್ಲಿ ಕೂತು ನಮ್ಮ ಮಕ್ಕಳ ಕೈಯಡುಗೆ ಉಂಡರು. ಚಿತ್ರಾನ್ನ, ಹೆಸರುಬೇಳೆ ಕೋಸಂಬರಿ, ಒಗ್ಗರಣೆ ಹಾಕಿದ ಮಜ್ಜಿಗೆ. ಕೊತ್ತಂಬರಿ ಸೊಪ್ಪು ಬಿಡಿಸುವುದರಿಂದ ಹಿಡಿದು ಎಲೆಗೆ ಬಡಿಸುವವರೆಗೆ ಎಲ್ಲ ನಮ್ಮ ವೃತ್ತಿ ತರಬೇತಿ ವಿಭಾಗದ ಹುಡುಗ ಹುಡುಗಿಯರದ್ದೇ ಕೆಲಸ. ನಾವು ಟೀಚರ್‌ಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆವು. ಯಾರೂ ಒಳಗೆ ಹೋಗಿ ಕೈ ಹಾಕಲಿಲ್ಲ.

ಇದರ ಹಿಂದೆ ಎಷ್ಟೊಂದು ಜನ ಇದ್ದಾರೆ ಅನ್ನೋದು ನನಗೆ ಗೊತ್ತು. ಅದಕ್ಕೇ ಈ ಬರಹ.

ಮೈಸೂರಿನ ಒಂದು ವಿಶೇಷ ಶಾಲೆಯಲ್ಲಿ ನಾನು ಪಾಠ ಮಾಡುತ್ತೇನೆ. ಬೌದ್ಧಿಕ ವಿಕಲತೆ ಇರುವ, ಹದಿನೆಂಟು ದಾಟಿದ ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ಅಡುಗೆ ಪಾಠ ನಮ್ಮಲ್ಲಿ ಮೊದಲಿನಿಂದಲೂ ಇತ್ತು. ಹೆಚ್ಚುವುದು, ತುರಿಯುವುದು, ಕಲಸುವುದು ಎಲ್ಲ ಅವರ ಕೈಗೆ ಬರುತ್ತಿತ್ತು. ಆದರೆ ಈರುಳ್ಳಿ ಹೆಚ್ಚಿ ಮುಗಿದ ಕೂಡಲೇ ಕೈ ನಿಂತುಬಿಡುತ್ತಿತ್ತು. ತಿರುಗಿ ನಮ್ಮ ಮುಖ ನೋಡುತ್ತಿದ್ದರು. "ಆಮೇಲೆ ಏನು ಮಿಸ್?" ಶಾಲೆಯಲ್ಲಿ ನಾವು ಹೇಳುತ್ತಿದ್ದೆವು, ಮನೆಯಲ್ಲಿ ಅಮ್ಮ ಹೇಳುತ್ತಿದ್ದರು. ಹೇಳುವವರು ಪಕ್ಕದಲ್ಲಿ ಇಲ್ಲದಿದ್ದರೆ ಬಾಣಲೆ ಒಲೆಗೆ ಏರುತ್ತಲೇ ಇರಲಿಲ್ಲ. ಇಷ್ಟೆಲ್ಲ ಬರುವ ಮಕ್ಕಳು ಪ್ರತಿ ಹೆಜ್ಜೆಗೂ ಇನ್ನೊಬ್ಬರ ಮಾತಿಗೆ ಕಾಯಬೇಕು ಅನ್ನೋದು ನನಗೆ ತುಂಬ ಸಂಕಟ ಕೊಡುತ್ತಿತ್ತು.

ಹಳೆಯ ವಿದ್ಯಾರ್ಥಿಯೊಬ್ಬರ ತಂದೆ ತಮ್ಮ ಆಫೀಸಿನ ಹಳೇ ಟ್ಯಾಬ್‌ಗಳನ್ನು ತಂದುಕೊಟ್ಟರು. ಹೆಸರು ಹಾಕಬೇಡಿ ಅಂದಿದ್ದೀರಿ ಸರ್, ಹಾಕಿಲ್ಲ. ಸುಮ್ನೆ ಕೊಟ್ಟು ಹೋಗಲಿಲ್ಲ ಅವರು. ಕೂತು, ಇದ್ದಬದ್ದ ಆ್ಯಪ್‌ಗಳನ್ನೆಲ್ಲ ತೆಗೆದು, ತೆರೆದರೆ ಅಡುಗೆ ವಿಡಿಯೊ ಮಾತ್ರ ಕಾಣುವ ಹಾಗೆ ಮಾಡಿದರು. ಇಂಟರ್ನೆಟ್ ಬೇಕಾಗಿಲ್ಲ. ಒಂದು ಹೆಜ್ಜೆಗೆ ಒಂದು ಚಿಕ್ಕ ವಿಡಿಯೊ. ಮುಗಿದರೆ ನಿಲ್ಲುತ್ತದೆ. ಹಸಿರು ಗುಂಡಿ ಒತ್ತಿದರೆ ಮುಂದಿನದು.

ಈ ದಾರಿ ನಾವು ಕಂಡುಹಿಡಿದದ್ದಲ್ಲ. ಅಮೆರಿಕದಲ್ಲಿ ಲಿಂಡಾ ಮೆಕ್ಲಿಂಗ್ ಮತ್ತು ಅವರ ಜೊತೆಗಾರರು ಅಂಗೈ ಅಗಲದ ಪಿಡಿಎ ಯಂತ್ರದಲ್ಲಿ ಚಿತ್ರ, ದನಿ, ವಿಡಿಯೊ ಹಾಕಿ, ಆಟಿಸಂ ಇರುವ ಮೂವರು ವಿದ್ಯಾರ್ಥಿಗಳಿಗೆ ಮೂರು ಅಡುಗೆ ಕಲಿಸಿದ್ದರು. 2009ರಲ್ಲೇ ಅದು ಪ್ರಕಟವಾಗಿದೆ. ನನಗೆ ಅದರಲ್ಲಿ ಜಾಸ್ತಿ ಹಿಡಿಸಿದ್ದು ಒಂದು ಸಂಗತಿ. ತಮಗೆ ಎಷ್ಟು ಸಹಾಯ ಬೇಕು ಅನ್ನೋದನ್ನು ಆ ವಿದ್ಯಾರ್ಥಿಗಳೇ ತೀರ್ಮಾನಿಸುತ್ತಿದ್ದರು. ಅದನ್ನು ಓದಿಸಿ, ನಾವೂ ಮಾಡೋಣ ಅಂದ ನಮ್ಮ ಮುಖ್ಯೋಪಾಧ್ಯಾಯಿನಿಗೆ ಮೊದಲ ವಂದನೆ.

ನಮ್ಮ ಶಾಲೆಯ ಅಡುಗೆ ಅಕ್ಕನಿಗೆ ಎಷ್ಟು ಹೇಳಿದರೂ ಸಾಲದು. ನಾವು ಬರೆದುಕೊಂಡು ಹೋದ ಪಟ್ಟಿಯನ್ನು ಓದಿಸಿಕೊಂಡು ಕೇಳಿದರು. "ಅರಿಶಿನ ಹಾಕು ಅಂತ ಇದೆಯಲ್ಲ ಮೇಡಂ, ಡಬ್ಬಿ ಮುಚ್ಚಳ ಯಾರು ತೆಗೀತಾರೆ? ಒಲೆ ಸಣ್ಣ ಮಾಡೋದು ಯಾವಾಗ?" ಹೆಜ್ಜೆ ಬಿಡಿಸುವುದಕ್ಕೆ ನಮಗೆ ತರಬೇತಿ ಕೊಟ್ಟಿದ್ದಾರೆ, ನಿಜ. ಆದರೆ ಅಡುಗೆಯನ್ನು ಅವರಷ್ಟು ನುಣ್ಣಗೆ ಬಿಡಿಸುವವರನ್ನು ನಾನು ನೋಡಿಲ್ಲ. ಅಳತೆ ಲೋಟಕ್ಕೆ ಕೆಂಪು ಟೇಪ್ ಸುತ್ತಿದ್ದೂ ಅವರೇ. ವಿಡಿಯೊದಲ್ಲಿ ಕಾಣುವುದು ಅವರದೇ ಕೈಗಳು. ಹೆಗಲ ಹಿಂದಿನಿಂದ ಚಿತ್ರೀಕರಿಸಿದ್ದೇವೆ. ನೋಡುವ ಮಕ್ಕಳಿಗೆ ತಮ್ಮದೇ ಕೈ ಅನ್ನಿಸಲಿ ಅಂತ.

ದನಿ ಮಾತ್ರ ಅಮ್ಮಂದಿರದ್ದು. ಕೆಲವರದ್ದು ಕನ್ನಡ, ಕೆಲವರದ್ದು ಉರ್ದು. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ ಬಂದ ನಮ್ಮ ಸ್ಪೀಚ್ ಥೆರಪಿಸ್ಟ್ ಆ ಮಾತುಗಳನ್ನು ಚಿಕ್ಕದು ಮಾಡಿಕೊಟ್ಟರು. ಒಂದು ವಿಡಿಯೊಗೆ ಒಂದೇ ಕೆಲಸ, ಒಂದೇ ವಾಕ್ಯ. ಒಬ್ಬ ಹುಡುಗ ಈಗಲೂ ಪ್ರತಿ ಸಲ ಟ್ಯಾಬ್‌ಗೆ "ಹ್ಞೂಂ ಅಮ್ಮ" ಅಂತ ಉತ್ತರ ಕೊಟ್ಟೇ ಕೆಲಸ ಶುರು ಮಾಡುವುದು. ಟ್ಯಾಬ್ ನಿಲ್ಲಿಸುವುದಕ್ಕೆ ಪಕ್ಕದ ರಸ್ತೆಯ ನಿವೃತ್ತ ಮೇಷ್ಟ್ರು ತಮ್ಮ ಮನೆಯ ವ್ಯಾಸಪೀಠಗಳನ್ನೇ ಕೊಟ್ಟರು. ನೀರು ಸಿಡಿಯದಂತೆ ಮೇಲೊಂದು ಪಾರದರ್ಶಕ ಕವರ್.

ಟ್ಯಾಬ್ ಎಲ್ಲವನ್ನೂ ಕಲಿಸುತ್ತದೆ ಅಂತ ನಾನು ಹೇಳುವುದಿಲ್ಲ. ಚಾಕು ಹಿಡಿಯುವುದು, ಬಿಸಿ ಬಾಣಲೆಯಿಂದ ಕೈ ದೂರ ಇಡುವುದು ಇವನ್ನೆಲ್ಲ ಪಕ್ಕದಲ್ಲಿ ನಿಂತು, ಕೈ ಮೇಲೆ ಕೈ ಇಟ್ಟೇ ಕಲಿಸಬೇಕು. ಮೊದಲು ಒಲೆಯೇ ಬೇಡದ ಕೋಸಂಬರಿ, ಆಮೇಲೆ ಇಂಡಕ್ಷನ್, ಕೊನೆಗೆ ಗ್ಯಾಸ್. ಚಿತ್ರಾನ್ನವನ್ನು ಹಿಂದಿನಿಂದ ಕಲಿಸಿದೆವು. ನಿಂಬೆಹಣ್ಣು ಹಿಂಡಿ ಕಲಸುವುದು ಮೊದಲ ಪಾಠ, ಅದಕ್ಕೂ ಹಿಂದಿನ ಹೆಜ್ಜೆ ಎರಡನೆಯದು. ಹೀಗೆ ಮಾಡಿದರೆ ಪ್ರತಿ ಸಲವೂ ಅಡುಗೆ ಮುಗಿಸಿದ್ದು ವಿದ್ಯಾರ್ಥಿಯೇ ಆಗುತ್ತಾರೆ. ಬೇರೆ ಶಾಲೆಯವರು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

ಪೋಷಕರೇ, ನಿಮ್ಮ ಧೈರ್ಯಕ್ಕೆ ದೊಡ್ಡ ನಮಸ್ಕಾರ. ಚಾಕು ಕೊಡ್ತೀರಾ, ಬೆಂಕಿ ಹತ್ತಿರ ಬಿಡ್ತೀರಾ ಅಂತ ನೀವು ಕೇಳಿದ್ದು ತಪ್ಪಲ್ಲ. ಇಷ್ಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಸಾಕಿದವರು ಹಾಗೇ ಕೇಳಬೇಕು, ಅಲ್ವಾ? 2017ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾಗಿ ಈಗ ಸುಪ್ರೀಂ ಕೋರ್ಟ್ ಆವರಣದಲ್ಲೂ ಇರುವ ಮಿಟ್ಟಿ ಕೆಫೆಯ ಬಗ್ಗೆ ನಿಮಗೆ ಹೇಳಿದ್ದೆ. ವಿಕಲಚೇತನರೇ ನಡೆಸುವ ಆ ಕೆಫೆಯ ಒಂದು ಶಾಖೆಗೆ ನಿಮ್ಮಲ್ಲೇ ಕೆಲವರು ಹೋಗಿ, ಕಾಫಿ ಕುಡಿದು, ನೋಡಿ ಬಂದು ಉಳಿದವರಿಗೆ ಹೇಳಿದಿರಿ. ಅದು ನನ್ನ ಯಾವ ಭಾಷಣಕ್ಕಿಂತಲೂ ಜಾಸ್ತಿ ಕೆಲಸ ಮಾಡಿತು.

ಇನ್ನು ಮಕ್ಕಳಿಗೆ. ಆ ದಿನ ಚಿತ್ರಾನ್ನದ ಒಗ್ಗರಣೆ ಹಾಕಿದ ಹುಡುಗಿಯನ್ನು ನಾನು ಬಾಗಿಲಿನಿಂದ ನೋಡುತ್ತಿದ್ದೆ. ಎಣ್ಣೆಗೆ ಸಾಸಿವೆ ಹಾಕಿ, ಸೌಟು ಹಿಡಿದು, ಕಿವಿಗೊಟ್ಟು ನಿಂತಳು. ಚಟಪಟ ಜೋರಾಯಿತು. ಕದಲಲಿಲ್ಲ. ಸದ್ದು ಕಮ್ಮಿಯಾದ ಮೇಲೆ ಒಲೆ ಸಣ್ಣ ಮಾಡಿ ಕಡಲೆಬೇಳೆ, ಉದ್ದಿನಬೇಳೆ, ಕಡಲೆಕಾಯಿ ಬೀಜ ಹಾಕಿದಳು. ಕೆಂಪಗಾಗಲು ಬಿಟ್ಟಳು. ಹಸಿಮೆಣಸಿನಕಾಯಿ, ಕರಿಬೇವು ಹಾಕುವಾಗ ಒಂದು ಹೆಜ್ಜೆ ಹಿಂದೆ ಸರಿದಳು. ವ್ಯಾಸಪೀಠದ ಮೇಲಿನ ಟ್ಯಾಬ್ ಆಗಲೇ ಕಪ್ಪಾಗಿತ್ತು. ಅದನ್ನು ಅವಳು ನೋಡಲೂ ಇಲ್ಲ, ನಮ್ಮ ಕಡೆಗೂ ತಿರುಗಲಿಲ್ಲ. ಅವಳ ಪಕ್ಕದವನು ಇನ್ನೂ ಪ್ರತಿ ಹೆಜ್ಜೆಗೂ ಗುಂಡಿ ಒತ್ತುತ್ತಾನೆ. ಅದೂ ಸರಿಯೇ. ಅವನ ಕೋಸಂಬರಿಗೂ ಅಷ್ಟೇ ರುಚಿ ಇತ್ತು. ಮಕ್ಕಳೇ, ಅಷ್ಟು ಜನಕ್ಕೆ ಹೊಟ್ಟೆ ತುಂಬ ಬಡಿಸಿದ ನಿಮಗೆ ನಿಮ್ಮ ಮಿಸ್ ಕಡೆಯಿಂದ ಥ್ಯಾಂಕ್ಸ್.

ಈ ವಿಡಿಯೊಗಳು ಬೇರೆ ಶಾಲೆಗಳಿಗೂ ಸಿಗಬೇಕು ಅನ್ನೋದು ನಮ್ಮ ಆಸೆ. ಪೆನ್‌ಡ್ರೈವ್ ತಂದರೆ ಹಾಕಿಕೊಡುತ್ತೇವೆ. ದನಿ ಮಾತ್ರ ನಿಮ್ಮ ಮಕ್ಕಳ ಮನೆಯವರದ್ದೇ ಹಾಕಿಕೊಳ್ಳಿ. ನಮ್ಮ ಮುಂದಿನ ಪಾಠ ಅಕ್ಕಿ ರೊಟ್ಟಿ. ನಮ್ಮಲ್ಲಿ ಎಡಗೈ ಮಕ್ಕಳೂ ಇದ್ದಾರೆ, ಬಲಗೈಯ ವಿಡಿಯೊ ನೋಡಿದರೆ ಅವರಿಗೆ ಗೊಂದಲ ಆಗುತ್ತದೆ. ಎಡಗೈಯಲ್ಲಿ ಚೆನ್ನಾಗಿ ರೊಟ್ಟಿ ತಟ್ಟುವವರು ಯಾರಾದರೂ ಇದ್ದರೆ ದಯವಿಟ್ಟು ಒಂದು ಶನಿವಾರ ಬನ್ನಿ. ಹಿಟ್ಟು, ಬಾಳೆ ಎಲೆ, ಕ್ಯಾಮೆರಾ ಎಲ್ಲ ನಮ್ಮಲ್ಲಿದೆ.