ಕೂಲಿಯವರಿಗೂ ಬಹುವಚನ ಇರಲಿ

ಮಾನ್ಯ ಸಂಪಾದಕರೇ,

ಆನೆ ತುಳಿದು ತೋಟದ ಕಾರ್ಮಿಕರು ಸಾಯುವುದು ನಮ್ಮ ಮೂಡಿಗೆರೆ, ಸಕಲೇಶಪುರ, ಬೇಲೂರು ಕಡೆ ಹೊಸ ಸುದ್ದಿಯೇನಲ್ಲ. ನಿಮ್ಮ ಜಿಲ್ಲಾ ಪುಟದಲ್ಲಿ ಅದು ಅಚ್ಚಾಗುವ ರೀತಿಯನ್ನು ಒಮ್ಮೆ ನೋಡಿ: ಅರಣ್ಯಾಧಿಕಾರಿ ‘ಭೇಟಿ ನೀಡಿದ್ದಾರೆ’, ಶಾಸಕರು ‘ಸಾಂತ್ವನ ಹೇಳಿದ್ದಾರೆ’, ಸತ್ತವರು ಮಾತ್ರ ‘ಮೃತಪಟ್ಟಿದ್ದಾನೆ’. ಅದೇ ಪುಟದ ಕೆಳಗೆ ಬೆಳೆಗಾರರೊಬ್ಬರು ‘ನಿಧನರಾದರು’. ಸಾವಿಗೂ ಎಕರೆ ಲೆಕ್ಕವೇ?

ನಾನು ಕಾಫಿ ತೋಟವೊಂದರಲ್ಲಿ ರೈಟರು, ಅಂದರೆ ಲೆಕ್ಕಪತ್ರ ಬರೆಯುವವನು. ಸಂಜೆ ಲೈನ್ ಮನೆಗಳ (ಕಾರ್ಮಿಕರ ಸಾಲುಮನೆಗಳ) ಹಿರಿಯರಿಗೆ ಪತ್ರಿಕೆ ಓದಿ ಹೇಳುವುದುಂಟು. ಕಳೆದ ಹಂಗಾಮಿನಲ್ಲಿ ಹಣ್ಣು ಕೊಯ್ಯಲು ಹೋಗಿದ್ದ ನಮ್ಮ ಲೈನಿನ ಹಿರಿಯರೊಬ್ಬರು ಆನೆಗೆ ಬಲಿಯಾದರು. ಆ ಸುದ್ದಿ ಓದುವಾಗ ಅವರ ಹೆಂಡತಿ ಎದುರಿಗೇ ಕುಳಿತಿದ್ದರು. ‘ದ್ದಾನೆ’ ಇದ್ದಲ್ಲೆಲ್ಲ ‘ದ್ದಾರೆ’ ಮಾಡಿಕೊಂಡು ಓದಿದೆ. ಪಕ್ಕದಲ್ಲಿ ಇಣುಕುತ್ತಿದ್ದ ಮೊಮ್ಮಗಳು ‘ರೈಟರೇ, ಅಲ್ಲಿ ಹಾಗೆ ಬರೆದಿಲ್ಲವಲ್ಲ’ ಎಂದುಬಿಟ್ಟಳು. ಆಕೆಗೆ ಏನು ಹೇಳಬೇಕಿತ್ತು, ನೀವೇ ತಿಳಿಸಿ.

ನನ್ನ ಮಗಳು ಕೆಲಸದ ಸಲುವಾಗಿ ಜಪಾನಿ ಭಾಷೆ ಕಲಿತಿದ್ದಾಳೆ. ಪರಿಚಯ ಸಾಲದವರನ್ನು, ಹಿರಿಯರನ್ನು ಬರಿಯ ಹೆಸರಿನಿಂದ ಕರೆಯುವುದು ಅಲ್ಲಿ ಒರಟುತನ. ಕೊನೆಗೆ ‘ಸಾನ್’ ಸೇರಿಸಬೇಕು, ಗಿರಾಕಿಯಾದರೆ ‘ಸಾಮಾ’. ತನ್ನ ಹೆಸರಿಗೆ ಮಾತ್ರ ತಾನೇ ಸೇರಿಸಿಕೊಳ್ಳುವಂತಿಲ್ಲ. ಹೊರಗಿನವರ ಫೋನ್ ಬಂದರೆ ತನ್ನ ಮ್ಯಾನೇಜರ ಹೆಸರಿಗೂ ‘ಸಾನ್’ ಹಚ್ಚದೆ ಮಾತನಾಡಬೇಕಂತೆ. ನಮ್ಮ ಸಾಹುಕಾರರ ಬಗ್ಗೆ ನಾನು ಹಾಗೆ ಮಾತನಾಡಿದರೆ ಮರುದಿನವೇ ನನ್ನ ಲೆಕ್ಕ ಚುಕ್ತಾ! ಅಲ್ಲಿ ಮೇಲು ಕೀಳು ಇಲ್ಲವೆಂದು ನಾನು ಹೇಳುತ್ತಿಲ್ಲ. ಹುಡುಗರಿಗೆ, ಕಿರಿಯರಿಗೆ ಬಳಸುವ ‘ಕುನ್’ ಸೇರಿಸಿ ಸದಸ್ಯರನ್ನು ಕರೆಯುವುದು ಅಲ್ಲಿನ ಸಂಸತ್ತಿನ ಹಳೆಯ ಪದ್ಧತಿ. 1993ರಲ್ಲಿ ಕೆಳಮನೆಯ ಮೊದಲ ಮಹಿಳಾ ಸ್ಪೀಕರ್ ಆದ ತಕಾಕೊ ದೋಯಿ ಅದನ್ನು ಬಿಟ್ಟು ‘ಸಾನ್’ ಎಂದು ಕರೆದರು. ಕುರ್ಚಿಯಲ್ಲಿ ಕುಳಿತವರು ಮನಸ್ಸು ಮಾಡಿದರೆ ಇಷ್ಟು ಸಲೀಸು.

ಪತ್ರಿಕೆಗಳ ಮಾತಿಗೆ ಬರುತ್ತೇನೆ. ಜಪಾನಿನಲ್ಲಿಯೂ ಹಿಂದೆ ಬಂಧಿತರ ಹೆಸರನ್ನು ಬರಿದಾಗಿಯೇ ಅಚ್ಚು ಹಾಕುತ್ತಿದ್ದರು. 1980ರ ದಶಕದಲ್ಲಿ ಆ ರೂಢಿ ಬಿಟ್ಟು, ಹೆಸರಿನ ಕೊನೆಗೆ ‘ಶಂಕಿತ’ ಎಂಬರ್ಥದ ‘ಯೋಗಿಶಾ’ ಸೇರಿಸತೊಡಗಿದರು. ಕೊಲೆಯ ಆರೋಪ ಹೊತ್ತವರ ಬಗ್ಗೆಯೇ ಅಷ್ಟು ಎಚ್ಚರ. ಹಣ್ಣು ಕೊಯ್ಯಲು ಹೋಗಿ ಸತ್ತವರು ಮಾಡಿದ ತಪ್ಪಾದರೂ ಏನು?

ಜಾಗ ಸಾಲದು ಎನ್ನುವಂತಿಲ್ಲ. ‘ನೆ’ ತೆಗೆದು ‘ರೆ’ ಹಾಕಿದರೆ ಸಾಲು ಉದ್ದವಾಗುವುದಿಲ್ಲ. ಪೊಲೀಸರ ಪ್ರಕಟಣೆ ಹಾಗೆಯೇ ಬಂದಿತ್ತು ಎಂಬ ಸಬೂಬೂ ಬೇಡ, ತಿದ್ದುವುದಕ್ಕೆಂದೇ ನಿಮ್ಮಲ್ಲಿ ಉಪಸಂಪಾದಕರಿದ್ದಾರೆ. ತೋಟದ ಆಳು, ಗಾರೆ ಕೆಲಸದವರು, ಆಟೊ ಚಾಲಕರು, ಬಸ್ ನಿಲ್ದಾಣದಲ್ಲಿ ತೀರಿಕೊಂಡ ಗುರುತು ಸಿಗದ ವೃದ್ಧರು, ಎಲ್ಲರಿಗೂ ಬಹುವಚನ ಬಳಸಿ. ಆರೋಪಿಗಳ ವಿಷಯವನ್ನು ಬೇಕಾದರೆ ಆಮೇಲೆ ಚರ್ಚಿಸೋಣ. ಡಿಸೆಂಬರ್‌ನಲ್ಲಿ ರೊಬಸ್ಟಾ ಕಾಫಿಯ ಕೊಯ್ಲು ಆರಂಭವಾಗುವ ಮುಂಚೆ ನಿಮ್ಮ ಜಿಲ್ಲಾ ವರದಿಗಾರರಿಗೆ ಈ ಸೂಚನೆ ಹೋಗಲಿ.

– ಒಬ್ಬ ತೋಟದ ರೈಟರು, ಮೂಡಿಗೆರೆ ತಾಲ್ಲೂಕು