ಪೆಟ್ಟಿಗೆಯಲ್ಲಿ ಏನಿತ್ತೆಂದು ಯಾರು ನಂಬುತ್ತಾರೆ?

ಚಿರಂಜೀವಿ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರದ ಒಂದು ಸಾಲು ಮನಸ್ಸಿನಿಂದ ಹೋಗುತ್ತಲೇ ಇಲ್ಲ. "ಆನ್‌ಲೈನ್ ತಾಣದಲ್ಲಿ ಮಾರಿದ ಕ್ಯಾಮೆರಾ ಸರಿಯಿಲ್ಲವೆಂದು ಕೊಂಡವನು ವಾಪಸ್ ಕಳಿಸಿ, ಪೆಟ್ಟಿಗೆಯಲ್ಲಿ ಬೇರೇನೋ ಇಟ್ಟಿದ್ದರೆ ನನ್ನ ಮಾತು ಯಾರು ನಂಬುತ್ತಾರೆ?" ಎಂದು ಕೇಳಿದ್ದೀಯ. ಬರೀ ಮಾತನ್ನು ಯಾರೂ ನಂಬುವುದಿಲ್ಲ, ಪುಟ್ಟಿ. ಹೀಗೆ ಬರೆಯಲು ನನಗೇ ಸಂಕಟವಾಗುತ್ತದೆ. ಆ ತಾಣದಲ್ಲಿ ತಕರಾರು ನೋಡುವವರು ನಿನ್ನನ್ನೂ ಕಂಡಿಲ್ಲ, ಕೊಂಡವನನ್ನೂ ಕಂಡಿಲ್ಲ.

ಅದಕ್ಕೇ ಪ್ಯಾಕ್ ಮಾಡುವಾಗ ವಿಡಿಯೊ ತೆಗೆ. ಕ್ಯಾಮೆರಾ ಬಾಡಿಯ ಸೀರಿಯಲ್ ನಂಬರು, ಲೆನ್ಸಿನ ನಂಬರು ಎರಡೂ ಓದುವಂತಿರಲಿ. ಅಲ್ಲಿಂದ ಟೇಪ್ ಹಾಕಿ, ವಿಳಾಸದ ಚೀಟಿ ಅಂಟಿಸಿ, ತಕ್ಕಡಿಯ ಮೇಲಿಡುವವರೆಗೆ ಎಲ್ಲೂ ನಿಲ್ಲಿಸಬೇಡ. ನಡುವೆ ತುಂಡಾದರೆ, ಆಮೇಲೆ ವಸ್ತು ಬದಲಾಯಿಸಿದ್ದಾರೆ ಎನ್ನಲು ಅವನಿಗೆ ದಾರಿ ಸಿಕ್ಕಿತು. ರಸೀದಿಯಲ್ಲಿ ಗ್ರಾಂ ಲೆಕ್ಕದ ತೂಕ ಬರೆಸಿಕೊ. ಕೆಲವು ಕೊರಿಯರಿನವರು ಮೇಲಿನ ಅರ್ಧ ಕಿಲೋಗೆ ಏರಿಸಿ ಬರೆಯುತ್ತಾರೆ. ಆ ಅಂಕಿಯಿಂದ ಏನೂ ರುಜುವಾಗದು.

ದಾಕ್ಷಿಣ್ಯ ಮಾತ್ರ ಬೇಡ. ಎದುರಿನವರು ಬೇಸರ ಮಾಡಿಕೊಂಡಾರೆಂದು ನಾನು ಕೇಳದೆ ಬಿಟ್ಟ ರಸೀದಿಗಳು ಈ ವಯಸ್ಸಿನಲ್ಲೂ ಚುಚ್ಚುತ್ತವೆ.

ಮತ್ತೆ ನಿನ್ನ ಭಯಕ್ಕೇ ಬರುತ್ತೇನೆ. ವಾಪಸ್ ಬಂದ ಪೆಟ್ಟಿಗೆಯ ಆರೂ ಮಗ್ಗುಲು ವಿಡಿಯೊದಲ್ಲಿ ತೋರಿಸಿ, ತೂಗಿ, ಆಮೇಲೆ ಟೇಪ್ ಕತ್ತರಿಸು. ತೂಕ ಹೊಂದದಿದ್ದರೆ, ನಂಬರು ಬೇರೆಯಾಗಿದ್ದರೆ ಅಂದೇ ದೂರು ಹಾಕು, ಗಡುವು ಚಿಕ್ಕದಿರುತ್ತದೆ. ಆ ದೂರು ತೀರ್ಮಾನವಾಗುವವರೆಗೆ ಹಣ ಮರಳಿಸುವ ಗುಂಡಿ ಒತ್ತಬೇಡ. ಕಾರ್ಡಿನಲ್ಲಿ ಕೊಟ್ಟ ಹಣಕ್ಕೆ ವೀಸಾ, ಮಾಸ್ಟರ್‌ಕಾರ್ಡ್ ನಿಯಮದಲ್ಲಿ ಕೊಂಡವನಿಗೆ ಹಲವು ಬಗೆಯ ತಕರಾರಿಗೆ 120 ದಿನ ಅವಕಾಶವಿದೆ, ಹಾಗಾಗಿ ವಿಡಿಯೊಗಳನ್ನು ಆರು ತಿಂಗಳು ಅಳಿಸಬೇಡ.

ನೀನು ಕೇಳದ ಎರಡು ಮಾತು, ತಪ್ಪು ತಿಳಿಯಬೇಡ. ಹಣ ಹಾಕಿದ್ದೇನೆಂಬ ಸ್ಕ್ರೀನ್‌ಶಾಟ್ ಹಣವಲ್ಲ, ನಿನ್ನ ಖಾತೆ ನೋಡು. ಹಣ ಪಡೆಯಲು ಪಿನ್ ಬೇಕಿಲ್ಲ, ಓಟಿಪಿ ಹೇಳಬೇಕಿಲ್ಲ. ಹೆಚ್ಚು ಕಳಿಸಿಬಿಟ್ಟೆ, ಮಿಕ್ಕದ್ದು ವಾಪಸ್ ಹಾಕಿ ಎಂದರೆ ಕೈ ತಡೆ. ಅವನ ಮೊದಲ ಹಣವೇ ಆಮೇಲೆ ರದ್ದಾಗಬಹುದು. ಹಣ ಕೊಟ್ಟಾದ ಮೇಲೆ ವಿಳಾಸ ಬದಲಿಸಿ ಎಂದರೆ ಆರ್ಡರ್ ರದ್ದು ಮಾಡಿಸಿ ಹೊಸದಾಗಿ ಹಾಕಿಸು. ಆರ್ಡರಿನಲ್ಲಿಲ್ಲದ ವಿಳಾಸಕ್ಕೆ ಕಳಿಸಿದ್ದಕ್ಕೆ ತಾಣದವರು ಮಾರುವವರಿಗೆ ಕೊಡುವ ರಕ್ಷಣೆ ಸಾಮಾನ್ಯವಾಗಿ ಸಿಗುವುದಿಲ್ಲ.

ಇಷ್ಟೆಲ್ಲ ಇದ್ದೂ ಒಮ್ಮೊಮ್ಮೆ ತೀರ್ಪು ಅವನ ಕಡೆಗೇ ಹೋಗುತ್ತದೆ. ನಿನಗೆ ಸುಳ್ಳು ಧೈರ್ಯ ಹೇಳಲಾರೆ. ಕಳೆದುಕೊಂಡರೆ ತಡೆಯಲಾಗದಂಥ ಬೆಲೆಯ ಲೆನ್ಸನ್ನು, ಸಾಧ್ಯವಾದರೆ, ಜನ ಓಡಾಡುವ ಜಾಗದಲ್ಲಿ ಎದುರಾಎದುರು ಕೊಟ್ಟುಬಿಡು. ಹಣ ಖಾತೆಗೆ ಬಂದ ಮೇಲೆಯೇ ಕೈಬಿಡು.

ಈ ವಾರ ಕಳಿಸಬೇಕೆಂದಿದ್ದ ಪೆಟ್ಟಿಗೆಗೆ ಆಗಲೇ ಟೇಪ್ ಹಾಕಿದ್ದರೆ ಬಿಚ್ಚಿ, ನಂಬರು ತೋರಿಸಿ, ಮತ್ತೆ ಹಾಕು.

ಇಂತಿ,
ನಿನ್ನ ದೊಡ್ಡಮ್ಮ