ಕಾಳಿಯ ಅಂಕಪಟ್ಟಿ: ಗೆಳೆಯನಿಗೊಂದು ಪತ್ರ

ಬೆಂಗಳೂರು
ಭಾನುವಾರ ರಾತ್ರಿ

ಪ್ರೀತಿಯ ಚೇರ್ಮನ್,

ಕಳೆದ ವಾರ ನಾನು ಹಾಕಿದ ಕಾಳಿಯ ಫೋಟೊ ನೋಡಿ ನೀನು ಮಸ್ಕತ್ತಿನಿಂದ ಒಂದೇ ಸಾಲು ಬರೆದಿದ್ದೆ: "ಸಾಯುವ ನಾಯಿಯನ್ನು ಯಾಕೆ ತಂದೆಯೋ?" ಉಳಿದವರೆಲ್ಲ ನನ್ನನ್ನು ದೊಡ್ಡ ಮನಸ್ಸಿನವನೆಂದು ಹೊಗಳಿದರು, ಕೇಳಬೇಕಾದದ್ದನ್ನು ಕೇಳಿದವನು ನೀನೊಬ್ಬನೇ. ಫೋನಿನಲ್ಲಿ ಹೇಳಿ ಮುಗಿಸುವ ಉತ್ತರ ಅದಲ್ಲವೆಂದು ಪತ್ರಕ್ಕೆ ಕುಳಿತಿದ್ದೇನೆ. ಹೊಗಳಿದವರಿಗೂ ಈ ಉತ್ತರ ಸಲ್ಲಬೇಕಾದದ್ದರಿಂದ ಎಲ್ಲರೆದುರಿಗೇ ಇಡುತ್ತಿದ್ದೇನೆ. ಅರಸೀಕೆರೆಯ ಛತ್ರಿಯ ವಿಷಯ ಮಾತ್ರ ನಮ್ಮಿಬ್ಬರಲ್ಲೇ ಇರಲಿ.

ಕಾಳಿ ನಮ್ಮ ಮನೆಗೆ ಬಂದು ಏಳು ತಿಂಗಳಾಯಿತು. ಬೀದಿನಾಯಿಗಳಿಗೆ ಚಿಕಿತ್ಸೆ ಕೊಡುವ ಒಂದು ಆಶ್ರಯಧಾಮದ ಗೇಟಿಗೆ ಯಾರೋ ರಾತ್ರೋರಾತ್ರಿ ಅವಳನ್ನು ಕಟ್ಟಿ ಹೋಗಿದ್ದರು. ಕೊರಳಲ್ಲಿ ಒಳ್ಳೆಯ ಚರ್ಮದ ಪಟ್ಟಿ, ಕಿವಿಯೊಳಗೆ ಗೊಂಚಲು ಗೊಂಚಲಾಗಿ ಉಣ್ಣಿಗಳು, ಬಾಯಲ್ಲಿ ಹುಣ್ಣು. ವಯಸ್ಸು ಒಂಬತ್ತೋ ಹತ್ತೋ ಇರಬಹುದೆಂದು ಹಲ್ಲು ನೋಡಿ ಅಂದಾಜು ಮಾಡಿದರು. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್, ಅಂದರೆ ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕಲ್ಮಶ, 6.2 ಬಂದಿತ್ತು. ಆರೋಗ್ಯವಾಗಿರುವ ನಾಯಿಯಲ್ಲಿ ಅದು ಸಾಮಾನ್ಯವಾಗಿ 1.4ರ ಒಳಗಿರುತ್ತದೆ, 5 ದಾಟಿದರೆ ಮೂತ್ರಪಿಂಡದ ಕಾಯಿಲೆಯ ನಾಲ್ಕನೆಯ ಹಂತ, ಅದರಾಚೆಗೆ ಐದನೆಯದಿಲ್ಲ. ಎಂದೋ ಬಂದು ಸರಿಯಾಗಿ ಔಷಧಿ ಕಾಣದೆ ಉಳಿದ ಉಣ್ಣಿ ಜ್ವರ ವರ್ಷಗಟ್ಟಲೆ ಒಳಗೊಳಗೇ ಮೂತ್ರಪಿಂಡವನ್ನು ತಿಂದಿರಬಹುದೆಂಬುದು ವೈದ್ಯರ ಊಹೆ. ಎರಡು ತಿಂಗಳು ಇದ್ದರೆ ಹೆಚ್ಚು ಎಂದರು. ಆ ಎರಡು ತಿಂಗಳನ್ನು ಸಿಮೆಂಟಿನ ಗೂಡಿನಲ್ಲಿ ಕಳೆಯುವ ಬದಲು ಒಂದು ಮನೆಯಲ್ಲಿ ಕಳೆಯಲಿ, ಔಷಧಿಯ ಖರ್ಚು ನಮ್ಮದು, ನೋಡಿಕೊಳ್ಳುವ ಕೈ ನಿಮ್ಮದು ಎಂದು ಆಶ್ರಯಧಾಮದವರು ಕೇಳಿದಾಗ ನಾನು ಯೋಚಿಸಲು ಒಂದು ದಿನವನ್ನೂ ತೆಗೆದುಕೊಳ್ಳಲಿಲ್ಲ. ಆ ಆತುರವನ್ನು ನೆನಪಿಟ್ಟುಕೋ, ಮುಂದೆ ಅದಕ್ಕೇ ಬರುತ್ತೇನೆ.

ಈ ಕಾಯಿಲೆಯ ಬಗ್ಗೆ ನಾನು ಕಲಿತ ಮೊದಲ ಪಾಠವೆಂದರೆ, ಮೂತ್ರಪಿಂಡ ಸದ್ದಿಲ್ಲದೆ ಸೋಲುತ್ತದೆ ಎಂಬುದು. ಹೆಚ್ಚುಕಡಿಮೆ ಮುಕ್ಕಾಲು ಪಾಲು ಶಕ್ತಿ ಹೋಗುವವರೆಗೂ ಕ್ರಿಯಾಟಿನಿನ್ ಏರಿದ್ದು ಕಾಣುವುದಿಲ್ಲ; ಕಾಣುವ ಹೊತ್ತಿಗೆ ಹೋದದ್ದು ಮರಳಿ ಬರುವುದಿಲ್ಲ. ಉಳಿದಿರುವ ಭಾಗಕ್ಕೆ ಮೂತ್ರವನ್ನು ಗಟ್ಟಿ ಮಾಡುವ ತ್ರಾಣವಿಲ್ಲದ್ದರಿಂದ ಕುಡಿದ ನೀರೆಲ್ಲ ಬಣ್ಣವಿಲ್ಲದೆ ಹೊರಗೆ ಹೋಗುತ್ತದೆ, ನಾಯಿ ಮತ್ತೆ ಮತ್ತೆ ಕುಡಿಯುತ್ತದೆ, ರಾತ್ರಿ ಎರಡು ಗಂಟೆಗೆ ಹೊರಗೆ ಕರೆದೊಯ್ಯೆಂದು ಎಬ್ಬಿಸುತ್ತದೆ. ಮನೆ ಒದ್ದೆಯಾಗುತ್ತದೆಂದು ಇಂಥ ನಾಯಿಯ ಮುಂದಿನಿಂದ ರಾತ್ರಿ ಹೊತ್ತು ನೀರಿನ ಬಟ್ಟಲನ್ನು ಎತ್ತಿಡುವವರಿದ್ದಾರೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ, ಆ ನೀರೇ ಅದರ ಜೀವ.

ಕುಡಿದದ್ದು ಸಾಲದ್ದರಿಂದ ದಿನಕ್ಕೊಮ್ಮೆ ಚರ್ಮದ ಕೆಳಗೆ ಸಲೈನ್ ಕೊಡಬೇಕು. ವೈದ್ಯರು ಕೈ ಹಿಡಿದು ಕಲಿಸಿದರು. ರಿಂಗರ್ ಲ್ಯಾಕ್ಟೇಟ್ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಮೈಬಿಸಿಗೆ ತಂದು, ಬಾಗಿಲ ಹಿಂದಿನ ಬಟ್ಟೆಯ ಮೊಳೆಗೆ ತೂಗುಹಾಕುತ್ತೇನೆ. ಎರಡು ಭುಜಗಳ ನಡುವಿನ ಚರ್ಮವನ್ನು ಎಡಗೈಯಿಂದ ಎತ್ತಿ ಹಿಡಿದರೆ ಅದು ಸಣ್ಣ ಡೇರೆಯ ಹಾಗೆ ನಿಲ್ಲುತ್ತದೆ. ಸೂಜಿ ಆ ಡೇರೆಯೊಳಕ್ಕೆ ಹೋಗಬೇಕು. ಮೊದಲ ಸಲ ಈ ಕಡೆಯಿಂದ ಚುಚ್ಚಿದ್ದು ಆ ಕಡೆಯಿಂದ ಹೊರಬಂದು ಔಷಧಿಯೆಲ್ಲ ನೆಲಕ್ಕೆ ಹರಿಯಿತು, ಕಾಳಿ ಅಲುಗಾಡದೆ ನಿಂತಿದ್ದಳು. 150 ಮಿಲಿಲೀಟರ್ ಇಳಿಯಲು ಹತ್ತು ನಿಮಿಷ ಬೇಕು. ಆಮೇಲೆ ಭುಜದ ಮೇಲೊಂದು ನೀರಿನ ಗಂಟು ಏಳುತ್ತದೆ, ಮೆಲ್ಲಗೆ ಮೊಣಕೈಯ ಕಡೆಗೆ ಜಾರುತ್ತದೆ, ಬೆಳಗಾಗುವುದರೊಳಗೆ ಮೈಯೊಳಗೆ ಕರಗಿಹೋಗಿರುತ್ತದೆ. ಆ ಹತ್ತು ನಿಮಿಷ ನಾನು ಅವಳ ಕಿವಿಯ ಬುಡವನ್ನು ಸವರುತ್ತಾ ಕುಳಿತಿರುತ್ತೇನೆ. ಇಡೀ ದಿನದಲ್ಲಿ ನಾನು ಫೋನು ಮುಟ್ಟದೆ ಕುಳಿತುಕೊಳ್ಳುವ ಹೊತ್ತು ಅದೊಂದೇ.

ಹೆಸರಿನ ವಿಷಯ ನಿನಗೆ ಹೊಳೆದಿರಬೇಕು. ಆಶ್ರಯಧಾಮದ ಪುಸ್ತಕದಲ್ಲಿ ಅವಳಿಗೆ ಇದ್ದದ್ದು ಒಂದು ನಂಬರು ಮಾತ್ರ. ಮನೆಗೆ ಕರೆತರುವಾಗ ಆಟೊದಲ್ಲಿ ನನಗೆ ಕಸ್ತೂರ್ಬಾ ರಸ್ತೆಯ ಮ್ಯೂಸಿಯಮ್ಮಿನಲ್ಲಿ ನಾವಿಬ್ಬರೂ ಇಡೀ ಮಧ್ಯಾಹ್ನ ನಿಂತು ನೋಡಿದ ಆತಕೂರಿನ ಕಲ್ಲು ನೆನಪಾಯಿತು. ಕ್ರಿ.ಶ. 949-50ರ ಶಾಸನವಿರುವ ಕಲ್ಲು. ತಕ್ಕೋಲದಲ್ಲಿ ಚೋಳ ರಾಜಾದಿತ್ಯ ಬಿದ್ದ ಯುದ್ಧದ ಕಥೆಯೊಂದಿಗೆ, ಅರಸನು ಮೆಚ್ಚಿ ಬೇಡಿದ್ದನ್ನು ಕೊಡುತ್ತೇನೆಂದಾಗ ಗಂಗರ ದೊರೆ ಬೂತುಗನ ಕಡೆಯ ವೀರ ಮಣಲೇರ ಊರನ್ನೋ ಹೊನ್ನನ್ನೋ ಕೇಳದೆ ಕಾಳಿಯೆಂಬ ನಾಯಿಯನ್ನು ಕೇಳಿದ ಕಥೆಯೂ ಅದರಲ್ಲಿದೆ. ಆ ಕಾಳಿ ಒಂದು ದೊಡ್ಡ ಹಂದಿಯೊಡನೆ ಸೆಣಸಿತು, ಎರಡೂ ಸತ್ತವು, ಆತಕೂರಿನ ದೇಗುಲದ ಮುಂದೆ ಕಲ್ಲು ನಿಂತಿತು. ಅದರ ಪೂಜೆಗಾಗಿ ಭೂಮಿಯನ್ನು ಬಿಟ್ಟು, ಆ ಭೂಮಿಯನ್ನು ಉಣ್ಣುವ ಗೊರವನು, ಅಂದರೆ ಶೈವ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಬಾರದೆಂದು ಕಟ್ಟುಮಾಡಿದರು. ಆ ಕಟ್ಟು ಈಗ ನನ್ನ ಮನೆಯಲ್ಲಿಯೂ ಇದೆ. ರಕ್ತದಲ್ಲಿ ಏರುವ ರಂಜಕವನ್ನು ಹೊಟ್ಟೆಯಲ್ಲೇ ಹಿಡಿದಿಡುವ ಔಷಧಿ ಅನ್ನದ ಜೊತೆಗೇ ಹೋಗಬೇಕು, ಬರಿಹೊಟ್ಟೆಯಲ್ಲಿ ಕೊಟ್ಟರೆ ಅದರಿಂದ ಪ್ರಯೋಜನವಿಲ್ಲ. ಹಾಗಾಗಿ ಕಾಳಿ ಉಣ್ಣುವವರೆಗೂ ನಾನು ಉಣ್ಣುವುದಿಲ್ಲ. ಮೆತ್ತಗೆ ಬೇಯಿಸಿದ ಅನ್ನ, ಮೊಟ್ಟೆಯ ಬಿಳಿ, ಸ್ವಲ್ಪ ಸಿಹಿಗುಂಬಳ; ಮೂಳೆಯಿಲ್ಲ, ಲಿವರ್ ಇಲ್ಲ. ಒಮ್ಮೆ ಪಕ್ಕದ ಮನೆಯ ಮಗು ಪ್ರೀತಿಯಿಂದ ತಂದ ಪಾಯಸದ ಬಟ್ಟಲಿನಲ್ಲಿ ಒಣದ್ರಾಕ್ಷಿ ಕಂಡು ನಾನು ಓಡಿಹೋಗಿ ಕಸಿದುಕೊಂಡೆ. ದ್ರಾಕ್ಷಿ, ಒಣದ್ರಾಕ್ಷಿಗಳು ಗಟ್ಟಿಮುಟ್ಟಾದ ನಾಯಿಯ ಮೂತ್ರಪಿಂಡವನ್ನೂ ಕೆಡಿಸಬಲ್ಲವೆಂದು ಆ ಮಗುವಿಗೆ ವಿವರಿಸಿದ ಮೇಲೆ ಅದು ತನ್ನ ಶಾಲೆಯಲ್ಲೆಲ್ಲ ಹೇಳಿಕೊಂಡು ಬಂತು.

ಈಗ ಈ ಪತ್ರ ಬರೆಯಲು ಕಾರಣವಾದ ವಿಷಯಕ್ಕೆ ಬರುತ್ತೇನೆ.

ಗುಣವಾಗದ ಪ್ರಾಣಿಯನ್ನು ಇನ್ನೆಷ್ಟು ದಿನ ಇಟ್ಟುಕೊಳ್ಳಬೇಕು, ಯಾವಾಗ ಕೊನೆಯ ಇಂಜೆಕ್ಷನ್ನಿಗೆ ಒಪ್ಪಬೇಕು ಎಂಬುದನ್ನು ತೀರ್ಮಾನಿಸಲು ಆಲಿಸ್ ವಿಲ್ಲಲೋಬೋಸ್ ಎಂಬ ಅಮೆರಿಕದ ಪಶುವೈದ್ಯೆ ಒಂದು ಅಳತೆಗೋಲನ್ನು ಮಾಡಿಕೊಟ್ಟಿದ್ದಾರೆ. ನೋವು, ಹಸಿವು, ಮೈಯಲ್ಲಿನ ನೀರಿನಂಶ, ಶುಚಿ, ಸಂತೋಷ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬ ಪ್ರಶ್ನೆ, ಹೀಗೆ ಏಳು ಬಾಬುಗಳಿಗೆ ತಲಾ ಹತ್ತು ಅಂಕ. ಒಟ್ಟು 35ರ ಮೇಲಿದ್ದರೆ ಆರೈಕೆಯನ್ನು ಮುಂದುವರಿಸುವುದು ನ್ಯಾಯ. ವೈದ್ಯರು ಇದನ್ನು ಹೇಳಿದ ದಿನದಿಂದ ನಾನು ಪ್ರತಿ ಭಾನುವಾರ ಒಂದು ನೋಟ್‌ಬುಕ್ಕಿನಲ್ಲಿ ಅಂಕ ಬರೆದಿಡುತ್ತಿದ್ದೇನೆ. ಮೂರನೆಯ ತಿಂಗಳಲ್ಲಿ ಕ್ರಿಯಾಟಿನಿನ್ 3.6ಕ್ಕೆ ಇಳಿಯಿತು. ಬರುವಾಗ ಅವಳ ಮೈ ಒಣಗಿಹೋಗಿದ್ದರಿಂದ ಅಂಕಿ ಅಷ್ಟು ಮೇಲಿತ್ತು, ಕಾಯಿಲೆ ಹೋಗಿಲ್ಲ, ಆದರೆ ಇನ್ನೂ ಹಲವು ತಿಂಗಳು, ಪ್ರಾಯಶಃ ವರ್ಷವೇ ಸಿಗಬಹುದು ಎಂದು ವೈದ್ಯರು ನಗುತ್ತಾ ಹೇಳಿದರು. ನಾನೂ ನಕ್ಕೆ. ಆದರೆ ಆ ನಗುವಿನ ಹಿಂದೆ ಎದೆಯೊಳಗೆ ಏನೋ ಧಸಕ್ಕೆಂದಿತು. ಅದಕ್ಕೆ ನಾನು ಹೆಸರಿಡಲಿಲ್ಲ.

ಎರಡು ವಾರಗಳ ಹಿಂದಿನ ಭಾನುವಾರ ಅಂಕ ಕೂಡಿಸಿದರೆ 34 ಬಂತು. ಆ ಹಿಂದಿನ ಮೂರು ರಾತ್ರಿ ನಾನು ನಿದ್ದೆ ಮಾಡಿರಲಿಲ್ಲ. ಕಚೇರಿಯಲ್ಲಿ ವರ್ಷಾಂತ್ಯದ ಲೆಕ್ಕ, ಮನೆಯಲ್ಲಿ ಕಾಳಿಯ ವಾಂತಿ. ನಡುಗುವ ಕೈಯಲ್ಲಿ ವೈದ್ಯರಿಗೆ ಫೋನು ಮಾಡಿ, ಕಾಲ ಬಂತೆಂದು ತೋರುತ್ತದೆ ಎಂದೆ. ಅವರು ಸಂಜೆ ಮನೆಗೇ ಬಂದರು. ಕಾಳಿ ಎದ್ದು ಹೋಗಿ ಅವರ ಚಪ್ಪಲಿ ಮೂಸಿದಳು, ಅವರ ಕೈಯಿಂದ ಎರಡು ಮೊಟ್ಟೆಯ ಬಿಳಿ ತಿಂದಳು, ಬಾಲವನ್ನು ನೆಲಕ್ಕೆ ಬಡಿದಳು. ಅವರು ನನ್ನ ನೋಟ್‌ಬುಕ್ಕನ್ನು ತಿರುವಿ, ಬೈಯುವ ದನಿಯಲ್ಲಲ್ಲ, ನಿಜವಾಗಿ ತಿಳಿಯುವ ದನಿಯಲ್ಲಿ, "ಇದು ಯಾರ ಅಂಕ?" ಎಂದು ಕೇಳಿದರು.

ಅವರು ಹೋದ ಮೇಲೆ ನಾನು ಆ ನೋಟ್‌ಬುಕ್ಕನ್ನೂ ನನ್ನ ಕಚೇರಿಯ ಡೈರಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಕುಳಿತೆ. ನನಗೆ ಬಿಡುವಿದ್ದ ವಾರಗಳಲ್ಲಿ ಕಾಳಿಗೆ 48, 50. ನಾನು ದಣಿದ ವಾರಗಳಲ್ಲಿ 38, 37. ಅವಳು ತಿಂದ ಅನ್ನದ ಅಳತೆ, ತೂಕ ಎರಡನ್ನೂ ಅದೇ ಪುಟಗಳಲ್ಲಿ ಬರೆದಿಟ್ಟಿದ್ದೇನೆ, ಅವು ಅಷ್ಟು ಏರಿಳಿದಿಲ್ಲ. 'ಸಂತೋಷ' ಎಂಬ ಬಾಬಿನಲ್ಲಿ ನಾನು ವಾರವಾರವೂ ಬರೆದದ್ದು ನನ್ನದೇ ಸ್ಥಿತಿಯನ್ನು. ಒಂದು ಮೂಕಪ್ರಾಣಿ ಬದುಕಬೇಕೋ ಬೇಡವೋ ಎಂಬುದನ್ನು ನನ್ನ ನಿದ್ದೆಗೇಡಿನಿಂದ ಅಳೆಯುತ್ತಿದ್ದೆ. ವೈದ್ಯರ ಬದಲು ಯಾರಾದರೂ ನನ್ನ ಮಾತನ್ನೇ ನಂಬಿ ಸೂಜಿ ಹಿಡಿದು ಬಂದಿದ್ದರೆ ಆ ಸಂಜೆಯೇ ಮುಗಿದುಹೋಗುತ್ತಿತ್ತು. ಇದನ್ನು ಬರೆಯುವಾಗಲೂ ನನ್ನ ಅಂಗೈ ಬೆವರುತ್ತಿದೆ.

ಚೇರ್ಮನ್, ಇಷ್ಟಕ್ಕೇ ನಿಲ್ಲಿಸೋಣವೆಂದಿದ್ದೆ. ಆದರೆ ನೀನು ಕೇಳಿದ ಪ್ರಶ್ನೆಗೆ ಇದು ಪೂರ್ತಿ ಉತ್ತರವಲ್ಲ.

2011ರಲ್ಲಿ ನೀನು ಮಸ್ಕತ್ತಿಗೆ ಹೊರಟಾಗ ಸರದಾರನಿಗೆ ಮೂರು ವರ್ಷ. ಮುಧೋಳದಿಂದ ನೀನೇ ಮಡಿಲಲ್ಲಿಟ್ಟುಕೊಂಡು ತಂದ ಮರಿ. ಆ ಉದ್ದ ಕಾಲು, ಆ ಕಿರಿದಾದ ಸೊಂಟ, ಗಾಳಿಯ ಹಾಗೆ ಓಡುತ್ತಿದ್ದ ಆ ಓಟ ನನ್ನ ಕಣ್ಣಿನಲ್ಲಿ ಇನ್ನೂ ಇದೆ. ಅವನು ನಿನ್ನನ್ನು ಬಿಟ್ಟರೆ ನನ್ನ ಮಾತನ್ನೇ ಕೇಳುತ್ತಿದ್ದದ್ದು. ನೀನು ಅವನನ್ನು ಇಟ್ಟುಕೊಳ್ಳೆಂದು ಕೇಳಿದೆ, ನಾನು ಮನೆ ಮಾಲೀಕರು ನಾಯಿಗೆ ಒಪ್ಪುವುದಿಲ್ಲವೆಂದೆ. ಮಾಲೀಕರನ್ನು ನಾನು ಕೇಳಿಯೇ ಇರಲಿಲ್ಲ. ಅವರ ಮನೆಯಲ್ಲೇ ಎರಡು ನಾಯಿಗಳಿದ್ದವು, ನೀನು ಮೇಲಿನ ಮಹಡಿಗೆ ಬಂದಾಗಲೆಲ್ಲ ಅವು ಬೊಗಳಿದ್ದನ್ನು ನೀನೂ ಕೇಳಿದ್ದೀಯ. ಕೇಳಿಯೂ ನೀನು ಒಂದು ಮಾತೂ ಆಡದೆ ಸರದಾರನನ್ನು ಜಮಖಂಡಿಯ ಸಂಬಂಧಿಕರ ತೋಟಕ್ಕೆ ಕಳಿಸಿದೆ. ನಾನು ಹೆದರಿದ್ದು ಅವನ ಆಯಸ್ಸಿಗೆ. ಇನ್ನೂ ಹತ್ತು ವರ್ಷ ಬದುಕುವ ಜೀವವೊಂದು ನನ್ನನ್ನೇ ನಂಬಿಕೊಂಡು ಬಾಗಿಲಲ್ಲಿ ಕಾಯುತ್ತದೆಂಬ ಯೋಚನೆಗೇ ನನಗೆ ಉಸಿರು ಕಟ್ಟಿತ್ತು. ಅವನು ಆ ತೋಟದಲ್ಲಿ ಎಷ್ಟು ವರ್ಷ ಇದ್ದ, ಹೇಗೆ ಹೋದ ಎಂದು ನಾನು ನಿನ್ನನ್ನು ಇಂದಿನವರೆಗೂ ಒಮ್ಮೆಯೂ ಕೇಳಿಲ್ಲ.

ಕಾಳಿಯನ್ನು ನಾನು ತಡಮಾಡದೆ ಒಪ್ಪಿಕೊಂಡದ್ದು ಎರಡು ತಿಂಗಳು ಎಂದು ಯಾರೋ ಹೇಳಿದ್ದರಿಂದ. ಕೊನೆಯ ದಿನ ಮೊದಲೇ ಗೊತ್ತಿರುವ ಪ್ರೀತಿಗೆ ನಾನು ಧೈರ್ಯ ಮಾಡಿದೆ. ಕ್ರಿಯಾಟಿನಿನ್ ಇಳಿದ ದಿನ ಎದೆಯೊಳಗೆ ಧಸಕ್ಕೆಂದದ್ದು ಹಳೆಯ ಅದೇ ಭಯ. ಆ ನಾಯಿಯ ಆಯಸ್ಸು ಬೆಳೆದಾಗ ನನಗೆ ಸಂಪೂರ್ಣ ಸಂತೋಷವಾಗಲಿಲ್ಲವೆಂಬುದನ್ನು ನನ್ನನ್ನು ಹೊಗಳಿದವರೆಲ್ಲ ತಿಳಿಯಲಿ. ನಿನ್ನಲ್ಲಿ ಮಾತ್ರ ಕ್ಷಮೆ ಕೇಳುತ್ತೇನೆ, ಸರದಾರನ ಪರವಾಗಿ ನೀನು ಕೊಡಬಹುದಾದರೆ ಕೊಡು.

ಇಷ್ಟು ಬರೆದ ಮೇಲೆ ಕಾಫಿ ಕುಡಿದು ಬಂದೆ. ಈಗ ಹಗುರವಾದ ಸುದ್ದಿ. ಹೋದ ಭಾನುವಾರದಿಂದ ನೋಟ್‌ಬುಕ್ಕಿನಲ್ಲಿ ಮೂರು ಕಾಲಮ್ಮುಗಳಿವೆ. ನಿನ್ನ ಅತ್ತಿಗೆ ಒಂದು, ಮಗಳು ಒಂದು, ನಾನು ಒಂದು ಬರೆಯುತ್ತೇವೆ. ಒಬ್ಬರದನ್ನು ಇನ್ನೊಬ್ಬರು ನೋಡುವಂತಿಲ್ಲ, ಕೊನೆಯಲ್ಲಿ ಕೂಡಿಸಿ ಮೂರರಿಂದ ಭಾಗಿಸುತ್ತೇವೆ. ರಾತ್ರಿ ಎರಡು ಗಂಟೆಯ ಪಾಳಿಯನ್ನು ಮಗಳು ವಾರಕ್ಕೆ ಮೂರು ದಿನ ತಾನೇ ಕೇಳಿ ತೆಗೆದುಕೊಂಡಿದ್ದಾಳೆ. ಈ ವಾರ ನಿನ್ನ ಅತ್ತಿಗೆಯ ಲೆಕ್ಕದಲ್ಲಿ ಕಾಳಿಗೆ 45, ನನ್ನ ಲೆಕ್ಕದಲ್ಲಿ 44. ಮಗಳು 'ಸಂತೋಷ'ಕ್ಕೆ ಹತ್ತಕ್ಕೆ ಹನ್ನೊಂದು ಕೊಟ್ಟಿದ್ದಾಳೆ, ಅದನ್ನು ಒಪ್ಪಬೇಕೋ ಬೇಡವೋ ಎಂದು ಊಟದ ಹೊತ್ತಿನಲ್ಲಿ ದೊಡ್ಡ ಚರ್ಚೆಯಾಯಿತು. ಚೇರ್ಮನ್ ಇಲ್ಲದ ಸಭೆಯಾದ್ದರಿಂದ ತೀರ್ಮಾನವಾಗಲಿಲ್ಲ.

ನೀನು ರಜೆಗೆ ಬಂದಾಗ ಕಾಳಿ ಇರುತ್ತಾಳೋ ಇಲ್ಲವೋ ಹೇಳಲಾರೆ. ಇದ್ದರೆ ಅವಳಿಗೆ ನಿನ್ನ ಪರಿಚಯ ಮಾಡಿಸುತ್ತೇನೆ, ನಾಲ್ಕನೆಯ ಕಾಲಮ್ಮನ್ನು ನಿನಗೆಂದು ಗೆರೆ ಹೊಡೆದು ಖಾಲಿ ಬಿಟ್ಟಿದ್ದೇನೆ. ಸರದಾರನ ಒಂದು ಫೋಟೊ ನಿನ್ನಲ್ಲಿದ್ದರೆ ಕಳಿಸು, ತೋಟದಲ್ಲಿ ತೆಗೆದದ್ದಾದರೆ ಇನ್ನೂ ಒಳ್ಳೆಯದು. ಖರ್ಜೂರ ತಾ. ಛತ್ರಿ ಮಾತ್ರ ತರಬೇಡ.

ನಿನ್ನ,
ಮೆಸ್ ಸೆಕ್ರೆಟರಿ